ಪ್ರಿಯ ಬೊಮ್ಮರಬೆಟ್ಟು, ನಿಮಗೆ ಸಾಲ ಇಲ್ಲ

ಡೊಂಬಿವಲಿಯ ನಮ್ಮ ಮಾವ 30 ವರ್ಷದಿಂದ ಮುಂಬೈಯ ಫೋರ್ಟಿನಲ್ಲಿ ಕ್ಯಾಂಟೀನ್ ನಡೆಸುವವರು. ಹೊಸ ಗ್ರೈಂಡರ್ ಬೇಕಿತ್ತು. ಬ್ಯಾಂಕಿಗೆ ಯಾಕೆ ಸುಮ್ನೆ ಅಲೆಯುವುದು, ಎರಡೇ ನಿಮಿಷದಲ್ಲಿ ಸಾಲ ಅಂತ ನಾನೇ ಅವರ ಫೋನಿಗೆ ಒಂದು ಆ್ಯಪ್ ಹಾಕಿಕೊಟ್ಟೆ. ಎರಡು ನಿಮಿಷವೂ ಬೇಕಾಗಲಿಲ್ಲ. "ಪ್ರಿಯ ಬೊಮ್ಮರಬೆಟ್ಟು, ನಿಮ್ಮ ಅರ್ಜಿ ತಿರಸ್ಕೃತವಾಗಿದೆ."

ಬೊಮ್ಮರಬೆಟ್ಟು ಅಂದರೆ ನಮ್ಮ ಊರು, ಮಾರಾಯ್ರೇ! ಆಧಾರ್‌ನಲ್ಲಿ ಅದು ಬರೀ 'ಬಿ'. ಪ್ಯಾನ್ ಕಾರ್ಡಿಗೆ ಇನಿಶಿಯಲ್ ನಡೆಯುವುದಿಲ್ಲ, ಬಿಡಿಸಿ ಬರೆಯಬೇಕು, ಹಾಗಾಗಿ ಅಲ್ಲಿ ಊರಿಗೆ ಊರೇ ಬಂದು ಕೂತಿದೆ. ಆ್ಯಪ್ ಎರಡನ್ನೂ ಹೋಲಿಸಿ ನೋಡಿತು. ಇವರು ಇಬ್ಬರು, ಅದರಲ್ಲೊಬ್ಬ ಕಳ್ಳ ಅಂತ ತೀರ್ಮಾನಿಸಿತು.

ಫೋನ್ ಮಾಡಿದರೆ ಒಂದೇ ಉತ್ತರ, "ಸಿಸ್ಟಮ್ ತಗೊಳ್ತಾ ಇಲ್ಲ ಸರ್." ಯಾಕೆ? "ಅದು ನಮಗೂ ಕಾಣಿಸುವುದಿಲ್ಲ ಸರ್." ಮಾವ ತಲೆ ಚಚ್ಚಿಕೊಂಡರು. "ನಮ್ಮ ದೈವವಾದರೂ ಕೋಲದ ದಿನ ಕೇಳಿದ್ದಕ್ಕೆ ನುಡಿ ಕೊಡುತ್ತದೆ ಮಾರಾಯ, ಇದು ಎಂಥದ್ದು?"

ದೊಡ್ಡ ದೇಶದವರ ಪಾಡೂ ಇದೇ. 2020ರಲ್ಲಿ ಕೊರೊನಾದಿಂದ ಇಂಗ್ಲೆಂಡಿನಲ್ಲಿ ಎ-ಲೆವೆಲ್ ಪರೀಕ್ಷೆ, ಅಂದರೆ ಅಲ್ಲಿನ ಪಿಯುಸಿ, ನಡೆಯಲಿಲ್ಲ. ಗ್ರೇಡ್ ಕೊಡಲು ಆಲ್ಗಾರಿದಮ್, ಅಂದರೆ ಕಂಪ್ಯೂಟರಿನ ಲೆಕ್ಕದ ಸೂತ್ರ, ಕೂರಿಸಿದರು. ಅದು ಮಕ್ಕಳನ್ನು ಬಿಟ್ಟು ಶಾಲೆಯ ಜಾತಕ ನೋಡಿತು. ಹಿಂದಿನ ಬ್ಯಾಚುಗಳಲ್ಲಿ ಯಾರಿಗೂ ಒಳ್ಳೆ ಗ್ರೇಡ್ ಬಂದಿಲ್ಲ ಅಂದರೆ ನಿನಗೆ ಮಾತ್ರ ಹೇಗೆ ಬಂದೀತು ಅನ್ನುವ ಲೆಕ್ಕಾಚಾರ, ಥೇಟ್ ನಮ್ಮ ಕಡೆಯ ಸೋದರತ್ತೆಯರ ಹಾಗೆ. ಟೀಚರುಗಳು ಅಂದಾಜಿಸಿದ್ದ ಗ್ರೇಡುಗಳಲ್ಲಿ ಹತ್ತಿರ ಹತ್ತಿರ ಶೇ. 40ರಷ್ಟು ಕೆಳಗಿಳಿದವು. ತೀರಾ ಸಣ್ಣ ಕ್ಲಾಸುಗಳಲ್ಲಿ ಮಾತ್ರ ಟೀಚರ್ ಮಾತೇ ನಡೆಯಿತು. ಅಂಥ ಸಣ್ಣ ಕ್ಲಾಸುಗಳು ಜಾಸ್ತಿ ಇರುವುದು ದುಬಾರಿ ಫೀಸಿನ ಶಾಲೆಗಳಲ್ಲಿ. ಎಂಥ ಕಾಕತಾಳೀಯ, ಅಲ್ವಾ?

ಮಕ್ಕಳು ಬೀದಿಗಿಳಿದರು. ಫಲಿತಾಂಶ ಬಂದ ನಾಲ್ಕೇ ದಿನದಲ್ಲಿ ಸರ್ಕಾರ ಆ ಗ್ರೇಡುಗಳನ್ನು ಕೈಬಿಟ್ಟಿತು. ಆಮೇಲೆ ಆಗಿನ ಪ್ರಧಾನಿ ಬೋರಿಸ್ ಜಾನ್ಸನ್ ಎಲ್ಲದಕ್ಕೂ 'ಮ್ಯೂಟಂಟ್ ಆಲ್ಗಾರಿದಮ್', ಅಂದರೆ ರೂಪ ಬದಲಿಸಿಕೊಂಡ ಆಲ್ಗಾರಿದಮ್, ಕಾರಣ ಅಂದರು. ಪಾಪ, ಥೇಮ್ಸ್ ನದಿಯಲ್ಲಿ ತಾನಾಗಿ ಹುಟ್ಟಿ, ಈಜಿ ಬಂದು, ಇಲಾಖೆಯ ಕಂಪ್ಯೂಟರಿನಲ್ಲಿ ಕೂತಿತ್ತೇನೋ!

ನಮ್ಮ ಕಥೆ ಮುಗಿದಿಲ್ಲ. ಮಾವ ಚೀಟಿ ಎತ್ತಿ ಗ್ರೈಂಡರ್ ತಂದರು. ನಿನ್ನೆ ಅದೇ ಆ್ಯಪ್‌ನಿಂದ ಮೆಸೇಜು: "ಪ್ರಿಯ ಬೊಮ್ಮರಬೆಟ್ಟು, ನಿಮಗೆ 5 ಲಕ್ಷ ಪ್ರೀ-ಅಪ್ರೂವ್ಡ್!"

ಮಾವ ಫೋನನ್ನು ನನ್ನ ಕೈಗಿಟ್ಟರು. "ಊರಿಗೇ ಕೊಡುತ್ತಾರಂತೆ. ಪಂಚಾಯತಿಗೆ ಹೇಳು."