ಬೆಚ್ಚಿಬೀಳಿಸಿದ ಮೇಲೆ ಏನು?

ಟೋಕಿಯೊದ ನಿಶಿಕಸಾಯಿಗೆ ಬಂದ ಮೇಲೆ ನಾನು ಮಾಂಗಾ, ಅಂದರೆ ಜಪಾನಿನ ಚಿತ್ರಕಥೆ, ಓದುವ ರೀತಿಯೇ ಬದಲಾಯಿತು. ಇಲ್ಲಿನ ಅಂಗಡಿಗಳಲ್ಲಿ ಸಂಪುಟಗಳಿಗೆ ಸಾಮಾನ್ಯವಾಗಿ ಪ್ಲಾಸ್ಟಿಕ್ ಸುತ್ತಿರುತ್ತಾರೆ. ಸುಮ್ನೆ ತಿರುವಿ ನೋಡಲು ಆಗುವುದಿಲ್ಲ. ದುಡ್ಡು ಕೊಟ್ಟು, ಮನೆಗೆ ತಂದು, ಮೊದಲ ಪುಟದಿಂದ ಓದಬೇಕು. ಊರಲ್ಲಿರುವ ನನ್ನ ಅಕ್ಕನ ಮಗನಿಗೆ ಕಥೆ ಸಿಗುವುದೇ ಬೇರೆ ದಾರಿಯಲ್ಲಿ. ಯಾರೋ ಫೋನಿಗೆ ಒಂದೇ ಒಂದು ಪುಟ ಕಳಿಸುತ್ತಾರೆ. ರಕ್ತ ಮೆತ್ತಿದ ಮುಖ, ಹುಚ್ಚು ನಗು. "ಮಾಮ, ಇದಕ್ಕಿಂತ ಡಾರ್ಕ್ ಯಾವುದಿದೆ?" ಅಂತ ಕೇಳುತ್ತಾನೆ. ಆ ಪ್ರಶ್ನೆಯ ಬಗ್ಗೆಯೇ ನನ್ನ ತಕರಾರು.

ಅವನಿಗೆ ಇಷ್ಟವಾದದ್ದು ಸಕಾಯೆ ಎಸುನೊ ಅವರ 'ಮಿರಾಯಿ ನಿಕ್ಕಿ'. 2006ರಿಂದ 2010ರವರೆಗೆ ಬಂದದ್ದು. ಅದರ ಯೂನೊ ಪ್ರೀತಿಸಿದ ಹುಡುಗನಿಗಾಗಿ ಕೊಡಲಿ ಹಿಡಿಯುತ್ತಾಳೆ, ಕೊಲ್ಲುತ್ತಾಳೆ. ಯಾಕೆ ಹೀಗಾದಳು ಅಂದರೆ, ಚಿಕ್ಕವಳಿದ್ದಾಗ ಹೆತ್ತವರಂತೆ ಸಾಕಿದವರೇ ಅವಳನ್ನು ಪಂಜರದಲ್ಲಿ ಕೂಡಿಹಾಕಿದ್ದರು. ಓಡಿಸಿಕೊಂಡು ಹೋಗುವ ಕಥೆ, ಒಪ್ಪುತ್ತೇನೆ. ಆದರೆ ಪಂಜರ ತೋರಿಸಿಬಿಟ್ಟರೆ ಪಾತ್ರ ಆಳವಾಗುವುದಿಲ್ಲ. ಕಾರಣ ಗೊತ್ತಾಗುತ್ತದೆ, ಅಷ್ಟೇ. ಊಟ ಮಾಡುವಾಗ, ಒಬ್ಬಳೇ ಇರುವಾಗ ಅವಳು ಹೇಗಿರುತ್ತಾಳೆ ಅನ್ನುವುದು ನನಗಂತೂ ತಿಳಿಯಲೇ ಇಲ್ಲ. ನಿಂತು ನೋಡಲು ಕಥೆಗೆ ಪುರುಸೊತ್ತಿಲ್ಲ.

ಶೂಜೊ ಓಶಿಮಿ ಅವರ 'ಅಕು ನೊ ಹಾನಾ'ದಲ್ಲಿ ಆ ಪುರುಸೊತ್ತು ಇದೆ. 2009ರಿಂದ 2014ರವರೆಗೆ ಬಂತು, 11 ಸಂಪುಟ. ಓಶಿಮಿ ಹುಟ್ಟಿದ ಊರು ಗುನ್ಮಾ ಪ್ರಾಂತ್ಯದ ಕಿರ್ಯೂ. ಒಂದು ಕಾಲಕ್ಕೆ ರೇಷ್ಮೆ ನೇಯ್ಗೆಗೆ ಹೆಸರಾಗಿದ್ದ, ಬೆಟ್ಟಗಳ ನಡುವಿನ ಊರು. ಕಥೆ ನಡೆಯುವುದೂ ಅಲ್ಲೇ. ಕಸುಗಾ ಎಂಬ ಹುಡುಗ ತಾನು ಮೆಚ್ಚಿದ ಹುಡುಗಿ ಸಾಯೆಕಿಯ ಆಟದ ಬಟ್ಟೆ ಕದಿಯುತ್ತಾನೆ. ಅದನ್ನು ಕಂಡ ಸಹಪಾಠಿ ನಕಾಮುರಾ ಅವನನ್ನು ಆಡಿಸಲು ಶುರುಮಾಡುತ್ತಾಳೆ. ಒಂದು ರಾತ್ರಿ ಇಬ್ಬರೂ ಶಾಲೆಗೆ ನುಗ್ಗುತ್ತಾರೆ. ತರಗತಿಯನ್ನೆಲ್ಲ ಚೆಲ್ಲಾಪಿಲ್ಲಿ ಮಾಡಿ ಬಣ್ಣ ಚೆಲ್ಲುತ್ತಾರೆ. ಫೋನಿನಿಂದ ಫೋನಿಗೆ ಹೋಗುವುದು ಈ ಪುಟ. ನನ್ನನ್ನು ಹಿಡಿದದ್ದು ಅದರ ನಂತರದ್ದು. ಇಬ್ಬರೂ ಕೈ ಹಿಡಿದು ನಡೆದು ಬರುತ್ತಾರೆ. ಮಾತಿಲ್ಲ. ಇದೇ ಕಥೆಯ 2013ರ ಅನಿಮೆಯಲ್ಲಂತೂ (ಅನಿಮೇಷನ್ ಸರಣಿ) ಆ ನಡಿಗೆ ಹಲವು ನಿಮಿಷ ಹಾಗೇ ಸಾಗುತ್ತದೆ. ನಿಜವಾದ ನಟರನ್ನು ಚಿತ್ರೀಕರಿಸಿ, ಅದರ ಮೇಲೆ ಗೆರೆ ಎಳೆದು ಮಾಡಿದ ಅನಿಮೆ ಅದು. ಮುಖಗಳು ಚೆನ್ನಾಗಿಲ್ಲ ಅಂತ ಎಷ್ಟೋ ಜನ ಬೈದರು. ನನಗೆ ಅದೇ ಸರಿ ಅನಿಸಿತು. ಊರಿನ ಮಾಮೂಲಿ ಮಕ್ಕಳ ಮುಖ ಹಾಗೇ ತಾನೇ ಇರುವುದು?

ಮುಂದೆ ಬೇಸಿಗೆಯ ಜಾತ್ರೆಯಲ್ಲಿ ಇಬ್ಬರೂ ಎಲ್ಲರೆದುರು ಬೆಂಕಿ ಹಚ್ಚಿಕೊಳ್ಳಲು ಹೋಗುತ್ತಾರೆ. ಕೊನೆ ಗಳಿಗೆಯಲ್ಲಿ ನಕಾಮುರಾ ಅವನನ್ನು ತಳ್ಳಿಬಿಡುತ್ತಾಳೆ. ಬರೀ ಬೆಚ್ಚಿಬೀಳಿಸುವ ಕಥೆಯಾಗಿದ್ದರೆ ಅಲ್ಲಿಗೇ ಮುಗಿಯುತ್ತಿತ್ತು. ಇಲ್ಲಿ ಇನ್ನೂ ಹಲವು ಸಂಪುಟ ಬಾಕಿ. ಕಸುಗಾನ ಮನೆಯವರು ಊರು ಬಿಟ್ಟು ಸಾಯಿತಾಮಾಕ್ಕೆ ಹೋಗುತ್ತಾರೆ. ಅವನು ಹೈಸ್ಕೂಲಿನಲ್ಲಿ ಮಂಕಾಗಿ ದಿನ ತಳ್ಳುತ್ತಾನೆ. ಮಾಡಿದ್ದನ್ನು ಹೊತ್ತುಕೊಂಡು ಬದುಕುವುದು ಹೇಗೆ ಅನ್ನುವುದೇ ಉಳಿದರ್ಧ ಕಥೆ. ತಿಂಗಳಿಗೊಂದು ಕಂತು ಬರುವ ಪತ್ರಿಕೆಯಲ್ಲಿ ಓದುಗರನ್ನು ಹಿಡಿದಿಡುವ ಒತ್ತಡ ಇರುತ್ತದೆ. ಅಂಥ ಜಾಗದಲ್ಲಿ ಇಷ್ಟು ನಿಧಾನಕ್ಕೆ ಧೈರ್ಯ ಬೇಕು.

ನಮ್ಮಲ್ಲಿ ಈ ದಾರಿ ಹಿಡಿದವರು ತ್ರಿವೇಣಿ. 'ಶರಪಂಜರ'ದ ಕಾವೇರಿ ಮಾನಸಿಕ ಆಸ್ಪತ್ರೆ ಸೇರುವುದಕ್ಕಿಂತ, ವಾಸಿಯಾಗಿ ಮನೆಗೆ ಮರಳಿದ ಮೇಲಿನದ್ದೇ ಎದೆ ಹಿಂಡುತ್ತದೆ. ಜೋರಾಗಿ ನಕ್ಕರೂ ಅನುಮಾನ, ಸುಮ್ಮನಿದ್ದರೂ ಅನುಮಾನ. ಪುಟ್ಟಣ್ಣ ಕಣಗಾಲರ 1971ರ ಸಿನಿಮಾದಲ್ಲಿ ಕಲ್ಪನಾ ಅವರನ್ನು ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಅದಕ್ಕೇ, ಜಪಾನಿನ ಈ ಕಥೆಗಳು ನಮಗೆ ದೂರದವು ಅಂತ ಯಾರಾದರೂ ಹೇಳಿದರೆ ನಾನು ಒಪ್ಪುವುದಿಲ್ಲ.

ಆಘಾತವೇ ಬೇಡ ಅಂತಲೂ ನಾನು ಹೇಳುವುದಿಲ್ಲ. ಆ ತರಗತಿ ಹಾಳಾಗದಿದ್ದರೆ ಆ ನಡಿಗೆಗೆ ತೂಕವೇ ಇರುತ್ತಿರಲಿಲ್ಲ. ಆದರೆ ಪೆಟ್ಟು ತಿಂದವರನ್ನು ಕಥೆ ಮರೆಯಬಾರದು. ಸಾಯೆಕಿಯನ್ನೇ ನೋಡಿ. ಇಂಥ ಕಥೆಗಳಲ್ಲಿ ಅವಳಂಥ ಹುಡುಗಿ ಅರ್ಧದಲ್ಲೇ ಮಾಯವಾಗುತ್ತಾಳೆ. ಇಲ್ಲಿ ವರ್ಷಗಳ ನಂತರ ಅವಳು ಮತ್ತೆ ಸಿಗುತ್ತಾಳೆ, ಕಸುಗಾನ ಎದುರು ಕೂತು ಮಾತಾಡುತ್ತಾಳೆ. ನಿನ್ನ ಹೊಸ ಗೆಳತಿ ನಕಾಮುರಾಳ ಹಾಗೇ ಇದ್ದಾಳೆ ಅಂತ ಮುಖಕ್ಕೆ ಹೊಡೆದಂತೆ ಹೇಳುತ್ತಾಳೆ. ಅವನ ಬಳಿ ಉತ್ತರವಿಲ್ಲ. ರಕ್ತವಿಲ್ಲ, ಬೆಂಕಿಯಿಲ್ಲ, ಬರೀ ಮಾತು. ಇಡೀ ಕಥೆಯಲ್ಲಿ ನನಗೆ ಜಾಸ್ತಿ ಭಯವಾದದ್ದು ಅಲ್ಲೇ.