ಹೆಗಲು ಒರೆಸಿಕೊಂಡವರಿಗೆ ಅಭಿನಂದನೆ

2025ರ ನವೆಂಬರ್ ತಿಂಗಳನ್ನು ಈ ದೇಶದ ನೈತಿಕ ಇತಿಹಾಸದಲ್ಲಿ ದಪ್ಪ ಅಕ್ಷರಗಳಲ್ಲಿ ಅಚ್ಚು ಹಾಕಿಸಬೇಕು. ಪರದೆಯ ವಿನ್ಯಾಸದಲ್ಲೇ ಬಲೆ ಹೆಣೆದು ಗ್ರಾಹಕರನ್ನು ಏಮಾರಿಸುವ ಡಾರ್ಕ್ ಪ್ಯಾಟರ್ನ್‌ಗಳು ನಮ್ಮಲ್ಲಿಲ್ಲ ಎಂದು 26 ಆನ್‌ಲೈನ್ ಕಂಪನಿಗಳು ಆಗ ಸರ್ಕಾರಕ್ಕೆ ತಾವಾಗಿಯೇ ಬರೆದುಕೊಟ್ಟವು. ಸರ್ಕಾರ ಅದನ್ನು ಪ್ರಕಟಣೆ ಹೊರಡಿಸಿ ಊರಿಗೆಲ್ಲ ಸಾರಿತು. ಕೆಲವರು ಹೊರಗಿನವರಿಂದಲೂ ತಪಾಸಣೆ ಮಾಡಿಸಿದ್ದರಂತೆ. ಆ ಹೊರಗಿನವರ ಫೀಸು ಕೊಟ್ಟವರು ಯಾರು ಎಂದು ಕೇಳುವುದು ಸಭ್ಯತೆಯಲ್ಲ.

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಎನ್ನುವ ಗಾದೆ ಹಳೆಯದಾಯಿತು. ಆ ಕಾಲದ ಕಳ್ಳನಿಗೆ ಅಂಜಿಕೆ ಇತ್ತು, ಪಾಪ. ಈಗ ಹಾಗಲ್ಲ. 2025ರ ಜೂನ್ ತಿಂಗಳಲ್ಲಿಯೇ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ ಎಲ್ಲರಿಗೂ ಹೇಳಿತು: ಮೂರು ತಿಂಗಳು ಸಮಯ ಕೊಡುತ್ತೇವೆ, ನಿಮ್ಮ ನಿಮ್ಮ ಹೆಗಲನ್ನು ನೀವೇ ಪರೀಕ್ಷಿಸಿಕೊಳ್ಳಿ. ಅವರು ಸಾವಧಾನವಾಗಿ ಒರೆಸಿಕೊಂಡು ಬಂದು ಬೂದಿ ಇಲ್ಲ ಎಂದರು. ಅಂತರಂಗ ಶುದ್ಧಿಯೂ ಆಯಿತು, ಬಹಿರಂಗ ಶುದ್ಧಿಯೂ ಆಯಿತು.

ಸರ್ಕಾರ ಕೆಲಸವನ್ನೇ ಮಾಡಿಲ್ಲ ಎನ್ನಲಾರೆ. 2023ರ ನವೆಂಬರ್ 30ರಂದು ಹೊರಡಿಸಿದ ಮಾರ್ಗಸೂಚಿಯಲ್ಲಿ 13 ಬಗೆಯ ಮೋಸಗಳ ಪಟ್ಟಿಯೇ ಇದೆ. ಓದಲು ಬಲು ಸೊಗಸು. ಗ್ರಾಹಕನಿಗೆ ನಾಚಿಕೆ ಹುಟ್ಟಿಸಿ ಒಪ್ಪಿಸುವುದು ಅದರಲ್ಲೊಂದು. ವಿಮಾನದ ಟಿಕೆಟ್ ಕೊಳ್ಳುವಾಗ ವಿಮೆ ಬೇಡವೆಂದರೆ, ‘ನಾನು ಅಸುರಕ್ಷಿತವಾಗಿಯೇ ಇರುತ್ತೇನೆ’ ಎಂಬರ್ಥದ ಸಾಲನ್ನು ಒತ್ತಿಯೇ ಮುಂದೆ ಹೋಗಬೇಕು. ಈ ಉದಾಹರಣೆ ನನ್ನದಲ್ಲ, ಮಾರ್ಗಸೂಚಿಯದ್ದೇ. ನನ್ನ ಬಗ್ಗೆ ನನ್ನ ಬಾಯಿಂದಲೇ ಇಂಥ ಮಾತು ಆಡಿಸುವ ಅಧಿಕಾರ ಹಿಂದೆ ಹತ್ತಿರದ ನೆಂಟರಿಗೆ ಮಾತ್ರ ಇತ್ತು.

ಇನ್ನೊಂದು ಬಗೆ, ನಾವು ಹಾಕದ ಸರಕು ನಮ್ಮ ಬುಟ್ಟಿಯೊಳಗೆ ತಾನಾಗಿ ಬಂದು ಕೂರುವುದು. ಸಿನಿಮಾ ಟಿಕೆಟ್ ಕೊಳ್ಳಲು ಹೋದ ನನ್ನ ಲೆಕ್ಕದಲ್ಲಿ ಒಮ್ಮೆ ಒಂದು ಪುಟ್ಟ ದಾನ ಮೊದಲೇ ಟಿಕ್ ಆಗಿ ಕುಳಿತಿತ್ತು. ಬಲಗೈ ಕೊಟ್ಟದ್ದು ಎಡಗೈಗೆ ತಿಳಿಯಬಾರದು ಎಂದು ಧರ್ಮ ಹೇಳುತ್ತದೆ. ಇಲ್ಲಿ ಕೊಟ್ಟದ್ದು ಬಲಗೈಗೂ ತಿಳಿಯುವುದಿಲ್ಲ. ಇಷ್ಟು ನಿಷ್ಕಾಮವಾದ ದಾನವನ್ನು ಯಾವ ಮಠವೂ ಕಲಿಸಿರಲಿಲ್ಲ. ಪುಣ್ಯ ಯಾರ ಖಾತೆಗೆ ಜಮೆಯಾಯಿತು ಎಂಬುದಕ್ಕೆ ಮಾತ್ರ ರಸೀದಿ ಇಲ್ಲ.

ಪ್ಲಾಟ್‌ಫಾರ್ಮ್ ಶುಲ್ಕದ ಬಗ್ಗೆ ಎರಡು ಮಾತು ಆಡದಿದ್ದರೆ ನನಗೆ ನಿದ್ದೆ ಬಾರದು. ರೈಲು ನಿಲ್ದಾಣದಲ್ಲಿ 10 ರೂಪಾಯಿಯ ಪ್ಲಾಟ್‌ಫಾರ್ಮ್ ಟಿಕೆಟ್ ತೆಗೆದುಕೊಂಡರೆ ನಿಜವಾಗಿಯೂ ಒಂದು ಪ್ಲಾಟ್‌ಫಾರ್ಮ್ ಸಿಗುತ್ತದೆ. ಕಲ್ಲುಬೆಂಚು, ತಿರುಗಬಹುದಾದ ಫ್ಯಾನು, ಕೈಬೀಸಲು ಒಬ್ಬ ಬಂಧು. ಊಟ ತರಿಸುವ ಆ್ಯಪ್‌ನಲ್ಲಿ ಅದೇ ಹೆಸರಿನ ಶುಲ್ಕ ಕೊಟ್ಟವನು ತನ್ನ ಮನೆಯ ಸೋಫಾದ ಮೇಲೆಯೇ ಕುಳಿತಿರುತ್ತಾನೆ. 2023ರಲ್ಲಿ ಝೊಮ್ಯಾಟೊ 2 ರೂಪಾಯಿಯಿಂದ ಆರಂಭಿಸಿದ ಈ ಕಾಣಿಕೆ 2025ರ ಸೆಪ್ಟೆಂಬರ್ ಹೊತ್ತಿಗೆ 12 ಮುಟ್ಟಿತ್ತು. ಭಾರತೀಯ ರೈಲ್ವೆಯನ್ನು ಹಿಂದಿಕ್ಕಿದ ಹೆಮ್ಮೆ ಅದಕ್ಕಿರಲಿ.

ಈ ಕಲೆಯಲ್ಲಿ ಸಾಹಿತ್ಯಾಭಿಮಾನವೂ ಇದೆ ಎನ್ನುವುದಕ್ಕೆ ಅಮೆರಿಕದ ಕಥೆ ನೋಡಿ. ಪ್ರೈಮ್ ಸದಸ್ಯತ್ವ ಬಿಡುವ ದಾರಿಗೆ ಅಮೆಜಾನ್ ಕಂಪನಿಯೊಳಗೆ ಇಟ್ಟಿದ್ದ ಹೆಸರು ‘ಇಲಿಯಡ್’, ಟ್ರಾಯ್ ಯುದ್ಧವನ್ನು ಹಾಡುವ ಗ್ರೀಕ್ ಕವಿ ಹೋಮರನ ಮಹಾಕಾವ್ಯದ್ದು. ನಾಲ್ಕು ಪುಟ, ಆರು ಕ್ಲಿಕ್ಕು, ಹದಿನೈದು ಆಯ್ಕೆ ಎಂದು ಅಲ್ಲಿನ ಫೆಡರಲ್ ಟ್ರೇಡ್ ಕಮಿಷನ್ 2023ರ ಜೂನ್‌ನಲ್ಲಿ ಹೂಡಿದ ಮೊಕದ್ದಮೆಯಲ್ಲಿ ಎಣಿಸಿ ಬರೆದಿತ್ತು. ನಮ್ಮವರಾಗಿದ್ದರೆ ಚಕ್ರವ್ಯೂಹ ಎಂದು ಹೆಸರಿಟ್ಟು ಕೈ ತೊಳೆದುಕೊಳ್ಳುತ್ತಿದ್ದರು. ಹೆಸರಿಟ್ಟ ಪುಣ್ಯಾತ್ಮ ಹೋಮರನನ್ನು ಓದಿದ್ದನೋ ಇಲ್ಲವೋ, ಆಯ್ಕೆ ಮಾತ್ರ ಅದ್ಭುತ. ಇಪ್ಪತ್ನಾಲ್ಕು ಸರ್ಗಗಳ ಆ ಕಾವ್ಯ ಮುಗಿದರೂ ಟ್ರಾಯ್ ಯುದ್ಧ ಮುಗಿಯುವುದಿಲ್ಲ! ಟ್ರಾಯ್ ವೀರ ಹೆಕ್ಟರನ ಉತ್ತರಕ್ರಿಯೆಗೆ ಕಾವ್ಯ ನಿಲ್ಲುತ್ತದೆ, ಮುತ್ತಿಗೆ ಮುಂದುವರಿಯುತ್ತದೆ. ಹೊಟ್ಟೆಯಲ್ಲಿ ಶತ್ರುಗಳನ್ನು ಅಡಗಿಸಿಕೊಂಡು ಕೋಟೆ ಹೊಕ್ಕ ಆ ಪ್ರಸಿದ್ಧ ಮರದ ಕುದುರೆಯೂ ಅದರಲ್ಲಿ ಬರುವುದಿಲ್ಲ. ಬರುವ ಅಗತ್ಯವೂ ಇರಲಿಲ್ಲ. ಮೊದಲ ತಿಂಗಳು ಉಚಿತ ಎಂಬ ಹಲಗೆ ಕಟ್ಟಿಕೊಂಡು ಅದು ಆಗಲೇ ನಮ್ಮ ಕೋಟೆಯೊಳಗೆ ಬಂದು ನಿಂತಿತ್ತಲ್ಲ. 2025ರ ಸೆಪ್ಟೆಂಬರ್‌ನಲ್ಲಿ ಆ ಮೊಕದ್ದಮೆ 250 ಕೋಟಿ ಡಾಲರಿಗೆ ರಾಜಿಯಾಯಿತು. ಬಿಟ್ಟು ಹೋಗುವುದನ್ನು ಸುಲಭ ಮಾಡಲು ಅದೇ ಕಮಿಷನ್ ತಂದಿದ್ದ ನಿಯಮದ ಗತಿ ಇನ್ನೂ ಚೆನ್ನಾಗಿದೆ. ಪೂರ್ತಿ ಜಾರಿಗೆ ಬರಲು ಒಂದು ವಾರವೂ ಉಳಿದಿಲ್ಲ ಎನ್ನುವಾಗ, ವಿಧಿವಿಧಾನ ಸರಿಯಾಗಿ ಪಾಲಿಸಿಲ್ಲವೆಂದು ನ್ಯಾಯಾಲಯ ಅದನ್ನೇ ರದ್ದು ಮಾಡಿತು. ಇಡೀ ಪ್ರಕರಣದಲ್ಲಿ ಸಲೀಸಾಗಿ ರದ್ದಾದದ್ದು ಅದೊಂದೇ.

ನಮ್ಮಲ್ಲಿ ಪ್ರೈಮ್ ವಿಡಿಯೋ ದುಡ್ಡು ಕೊಟ್ಟವರಿಗೂ ಜಾಹೀರಾತು ತೋರಿಸಲು ಆರಂಭಿಸಿದ್ದು 2025ರ ಜೂನ್‌ನಲ್ಲಿ. ಬೇಡವೆಂದರೆ ವರ್ಷಕ್ಕೆ ಇನ್ನೂ 699 ರೂಪಾಯಿ. ನಾಯಕನ ತಾಯಿ ಕೊನೆಯುಸಿರು ಎಳೆಯುವಾಗ ಸಾಬೂನಿನ ಪುಡಿ ಬಂದು ಕಲೆ ತೆಗೆಯುವುದನ್ನು ನೋಡಿಕೊಂಡು ಹೇಗೋ ಬದುಕಬಹುದು. ಧ್ಯಾನ ಹೇಳಿಕೊಡುವ ಆ್ಯಪ್‌ಗಳನ್ನು ನಾನು ಕ್ಷಮಿಸಲಾರೆ. ಕಣ್ಣು ಮುಚ್ಚಿ, ಎಲ್ಲವನ್ನೂ ಬಿಟ್ಟುಬಿಡಿ ಎಂದು ಮೃದುವಾಗಿ ಹೇಳುವ ಆ ಧ್ವನಿಯ ಹಿಂದೆ, ನಮ್ಮನ್ನು ಮಾತ್ರ ಬಿಡಲೊಲ್ಲದ ಒಂದು ಆಟೋ ರಿನ್ಯೂವಲ್ ಕುಳಿತಿರುತ್ತದೆ. ವೈರಾಗ್ಯ ವರ್ಷಕ್ಕೊಮ್ಮೆ ತಾನಾಗಿ ನವೀಕರಣಗೊಳ್ಳುತ್ತದೆ, ಖಾತೆಯಲ್ಲಿ ಹಣವಿದ್ದರೆ.

ದೇವರ ಹೆಸರಿನಲ್ಲಿ ಯಂತ್ರಕ್ಕೆ ಕಾಸು ಹಾಕಿಸುವುದು ಹೊಸದೇನಲ್ಲ ಬಿಡಿ. ಕ್ರಿಸ್ತಶಕ ಮೊದಲ ಶತಮಾನದಲ್ಲಿ ಅಲೆಕ್ಸಾಂಡ್ರಿಯದ ಹೀರೋ ಎಂಬ ಎಂಜಿನಿಯರ್ ದೇವಾಲಯಗಳಿಗೆಂದು ಒಂದು ತೀರ್ಥದ ಯಂತ್ರವನ್ನು ವಿವರಿಸಿದ್ದಾನೆ. ಮೇಲಿನಿಂದ ನಾಣ್ಯ ಹಾಕಬೇಕು. ಅದು ಒಳಗಿನ ತಟ್ಟೆಯ ಮೇಲೆ ಬಿದ್ದ ಭಾರಕ್ಕೆ ಸನ್ನೆ ಓರೆಯಾಗಿ, ಮುಚ್ಚಳ ತೆರೆದು ನೀರು ಬರುತ್ತದೆ. ನಾಣ್ಯ ತಟ್ಟೆಯಿಂದ ಜಾರಿದೊಡನೆ ನೀರು ನಿಲ್ಲುತ್ತದೆ. ಭಕ್ತ ಮನೆಗೆ ಹೋಗುತ್ತಾನೆ. ಅವನ ಹಿಂದೆ ಯಂತ್ರ ಓಡಿಬಂದು, ತೀರ್ಥ ಹೇಗಿತ್ತು, ಎಷ್ಟು ನಕ್ಷತ್ರ ಕೊಡುತ್ತೀರಿ ಎಂದು ಕೇಳುವುದಿಲ್ಲ. ಮುಂದಿನ ತಿಂಗಳು ಅದೇ ದಿನ ಅವನ ಗಂಟಿನಿಂದ ನಾಣ್ಯ ಎಗರಿಸುವುದೂ ಇಲ್ಲ. ಎರಡು ಸಾವಿರ ವರ್ಷಗಳಲ್ಲಿ ತಂತ್ರಜ್ಞಾನ ಎಲ್ಲಿಂದ ಎಲ್ಲಿಗೆ ಬಂತು!

ಆ 26 ಪತ್ರಗಳಿಗೆ ಬರುತ್ತೇನೆ. ನನಗೆ ನಗು ಬರುವುದು ನಿಂತದ್ದು ತಿಂಗಳ ಹೆಸರು ನೋಡಿದಾಗ. ನವೆಂಬರ್. ಕೇಂದ್ರ ಸರ್ಕಾರದ ಪಿಂಚಣಿದಾರರು ತಾವು ಬದುಕಿದ್ದೇವೆ ಎಂದು ವರ್ಷ ವರ್ಷ ರುಜುವಾತು ಕೊಡಬೇಕಾದ ತಿಂಗಳೂ ಅದೇ. ಎಂಬತ್ತು ದಾಟಿದವರಿಗೆ ದೊಡ್ಡ ಮನಸ್ಸು ಮಾಡಿ ಅಕ್ಟೋಬರ್ 1ರಿಂದಲೇ ಅವಕಾಶ ಕೊಟ್ಟಿದ್ದಾರೆ. ಮೂವತ್ತು ವರ್ಷ ಇದೇ ಸರ್ಕಾರಕ್ಕೆ ದುಡಿದ ಮನುಷ್ಯ, ನಾನು ಬದುಕಿದ್ದೇನೆ ಎಂದು ಒಂದು ಹಾಳೆಯಲ್ಲಿ ಬರೆದು ಸಹಿ ಹಾಕಿ ಕಳಿಸಿದರೆ ನಡೆಯುವುದಿಲ್ಲ. ಬೆರಳು ಒತ್ತಬೇಕು, ಇಲ್ಲವೇ ಕ್ಯಾಮೆರಾಕ್ಕೆ ಮುಖ ಕೊಡಬೇಕು, ಇಲ್ಲವೇ ಅಧಿಕಾರಿಯೊಬ್ಬರು ಕಂಡು ದೃಢೀಕರಿಸಬೇಕು. ಸವೆದ ಬೆರಳನ್ನು ಯಂತ್ರ ಗುರುತಿಸದಿದ್ದರೆ ಒರೆಸಿ ಮತ್ತೆ ಒತ್ತಬೇಕು. ಉಸಿರಾಡುತ್ತಿರುವ ಮುದುಕನ ಮಾತನ್ನು ನಂಬದ ವ್ಯವಸ್ಥೆ, ಕೋಟಿಗಟ್ಟಲೆ ಜನರ ಜೇಬಿಗೆ ಕೈ ಹಾಕಬಲ್ಲ ಕಂಪನಿ ತಾನು ಪ್ರಾಮಾಣಿಕ ಎಂದು ಬರೆದುಕೊಟ್ಟರೆ ನಂಬುತ್ತದೆ. ಇದನ್ನು ವಿಡಂಬನೆ ಮಾಡಲು ನನಗೆ ಆಗುತ್ತಿಲ್ಲ. ಇದು ನಾಚಿಕೆಗೇಡು, ಅಷ್ಟೇ.

ಮುಂದಿನ ನವೆಂಬರ್‌ನಲ್ಲಿ ಅದಲು ಬದಲು ಮಾಡಿ ನೋಡಲಿ. ಪಿಂಚಣಿದಾರರು ಪತ್ರ ಬರೆದು ಅಂಚೆಗೆ ಹಾಕಲಿ. ಕಂಪನಿಗಳ ಮುಖ್ಯಸ್ಥರು ಬೆಳಿಗ್ಗೆ ಹತ್ತಕ್ಕೆ ಬ್ಯಾಂಕಿನ ಮುಂದೆ ಸಾಲಿನಲ್ಲಿ ನಿಲ್ಲಲಿ, ತಮ್ಮ ಆ್ಯಪ್ ತೆರೆದ ಮೊಬೈಲನ್ನು ಕೈಯಲ್ಲಿ ಹಿಡಿದುಕೊಂಡು. ಕೌಂಟರಿನ ಗುಮಾಸ್ತೆ ಕನ್ನಡಕ ಏರಿಸಿ ಒಂದೇ ಪ್ರಶ್ನೆ ಕೇಳಲಿ: ಸದಸ್ಯತ್ವ ಬಿಡುವ ಗುಂಡಿ ಎಲ್ಲಿದೆ, ತೋರಿಸಿ. ಊಟದ ಬಿಡುವಿನೊಳಗೆ ಅದನ್ನು ಹುಡುಕಿ ತೋರಿಸಿದವರಿಗೆ ಮುದ್ರೆ ಒತ್ತಿ ಕೊಡಲಿ. ಉಳಿದವರು ನಾಳೆ ಬರಲಿ, ಎರಡು ಜೆರಾಕ್ಸ್ ಪ್ರತಿಗಳ ಸಮೇತ.