ಗಾರೆ ಕೆಲಸಕ್ಕೆ ಹುಡುಗರು ಬರುತ್ತಿಲ್ಲವಂತೆ

ಹುಡುಗರಿಗೆ ಮೈ ಬಗ್ಗಿಸಲು ಇಷ್ಟವಿಲ್ಲ, ಎಲ್ಲರಿಗೂ ಡೆಲಿವರಿ ಬೈಕೇ ಬೇಕು ಎಂದು ಬೆಂಗಳೂರಿನ ಬಿಲ್ಡರುಗಳು ಗೊಣಗುತ್ತಾರೆ. ಜರ್ಮನಿಯಿಂದ ನೋಡುವವನಿಗೆ ಈ ಮಾತು ಅರ್ಧ ಮಾತ್ರ ನಿಜ ಅನಿಸುತ್ತದೆ. ಬೈಕ್ ಓಡಿಸುವವನಿಗೆ ದಿನದ ದುಡಿಮೆ ಎಷ್ಟಾಯಿತೆಂದು ಸಂಜೆ ಫೋನಿನಲ್ಲೇ ಗೊತ್ತಾಗುತ್ತದೆ. ಸೈಟಿನ ಹೆಲ್ಪರನಿಗೆ ಬಟವಾಡೆ ಮೇಸ್ತ್ರಿಯ ಕೈಯಿಂದ, ಅದೂ ಮೇಸ್ತ್ರಿಗೆ ಬಿಲ್ ಪಾಸಾದ ಮೇಲೆ. ಬಾಂಡ್ಲಿ ಹೊರುವವನ ಕೈಗೆ ಗಾರೆ ಮೆತ್ತುವ ಕರಣೆ ಯಾವಾಗ ಬರುತ್ತದೆ? ಅದನ್ನು ಯಾರೂ ಹೇಳುವುದಿಲ್ಲ, ಬರೆದಂತೂ ಕೊಡುವುದಿಲ್ಲ.

ಜರ್ಮನಿಯಲ್ಲಿ ಹದಿನಾರರ ಹುಡುಗ ಶಾಲೆ ಮುಗಿಸಿ ಗಾರೆ ಕೆಲಸಕ್ಕೆ ಸೇರುವಾಗ ಕಂಪನಿಯೊಂದಿಗೆ ಮೂರು ವರ್ಷದ ಕರಾರಿಗೆ ಸಹಿ ಹಾಕುತ್ತಾನೆ. ಮೊದಲ ವರ್ಷ 17ರಿಂದ 20 ವಾರ ಸೈಟಿನಲ್ಲಲ್ಲ, ಹಲವು ಕಂಪನಿಗಳಿಗೆ ಸೇರಿ ಇರುವ ತರಬೇತಿ ಕೇಂದ್ರದಲ್ಲಿ ಕಳೆಯುತ್ತದೆ. ಮೂರನೇ ವರ್ಷಕ್ಕೆ ಅದು 4 ವಾರಕ್ಕೆ ಇಳಿಯುತ್ತದೆ. ಇದಲ್ಲದೆ ವೃತ್ತಿಶಾಲೆಯ ಪಾಠ ಬೇರೆ. ಕೇಂದ್ರದಲ್ಲಿ ಕಟ್ಟಿದ ಗೋಡೆಯನ್ನು ಮೇಷ್ಟ್ರು ಅಳೆದು ಅಂಕ ಕೊಡುತ್ತಾರೆ, ಆಮೇಲೆ ಕೆಡವಿಸುತ್ತಾರೆ. 240 ಮಿ.ಮೀ. ಉದ್ದದ ಇಟ್ಟಿಗೆಗೆ 10 ಮಿ.ಮೀ. ಗಾರೆಯ ಸಂದು ಸೇರಿದರೆ 250, 115 ಅಗಲಕ್ಕೆ ಸಂದು ಸೇರಿದರೆ 125. ಎಲ್ಲ ಗೋಡೆಯ ಅಳತೆಯೂ 12.5 ಸೆಂ.ಮೀ.ನ ಮಗ್ಗಿಯಲ್ಲಿ ನಡೆಯುವುದರಿಂದ ಕಿಟಕಿಯ ಅಂಚಿನಲ್ಲಿ ಇಟ್ಟಿಗೆ ಒಡೆಯುವ ಪ್ರಮೇಯ ಕಡಿಮೆ. ಇದನ್ನು ಅವನು ಮೊದಲು ಕಾಗದದ ಮೇಲೆ ಬಿಡಿಸಬೇಕು, ನಂತರ ಕಟ್ಟಬೇಕು. ಮೊದಲ ವರ್ಷದಲ್ಲೇ ಸ್ಟೈಪೆಂಡು ತಿಂಗಳಿಗೆ ಸಾವಿರ ಯೂರೋ ದಾಟುತ್ತದೆ. ಮುಂದೆ ಓದಿ ಮೈಸ್ಟರ್, ಅಂದರೆ ಪರಿಣತ ಕಸುಬುದಾರನ, ಪರೀಕ್ಷೆ ಪಾಸಾದರೆ ಅಲ್ಲಿನ ಅರ್ಹತಾ ಪಟ್ಟಿಯಲ್ಲಿ ಡಿಗ್ರಿಯವನ ಸಾಲಿನಲ್ಲೇ, ಅಂದರೆ ಆರನೇ ಹಂತದಲ್ಲೇ, ಅವನಿಗೂ ಜಾಗ.

ನಮ್ಮವರು ಜರ್ಮನಿಗೆ ಬಂದರೆ ಈ ತರಬೇತಿ ಕೇಂದ್ರಗಳ ಫೋಟೊ ತೆಗೆದುಕೊಂಡು ಹೋಗುತ್ತಾರೆ. ನೋಡಬೇಕಾದದ್ದು ಅದರ ಹಿಂದಿನ ಹಣದ ಲೆಕ್ಕ. ಕಟ್ಟಡ ಕಂಪನಿಗಳೆಲ್ಲ ಸಂಬಳದ ಮೊತ್ತದ ಇಷ್ಟು ಪಾಲು ಎಂದು ಜೋಕಾ-ಬೌ ಎಂಬ ಜಂಟಿ ನಿಧಿಗೆ ಕಟ್ಟಬೇಕು, ತಮ್ಮಲ್ಲಿ ಕಲಿಯುವವರು ಇರಲಿ ಬಿಡಲಿ. ಕಲಿಸುವ ಕಂಪನಿಗೆ ಮೊದಲ ವರ್ಷದ ಹತ್ತು ತಿಂಗಳ ಸ್ಟೈಪೆಂಡು, ಎರಡನೇ ವರ್ಷದ ಆರು ತಿಂಗಳದ್ದು, ಮೂರನೇ ವರ್ಷದ ಒಂದು ತಿಂಗಳದ್ದು ನಿಧಿಯಿಂದ ವಾಪಸ್ ಬರುತ್ತದೆ. ಮೂರನೇ ವರ್ಷ ಹುಡುಗ ದುಡಿದುಕೊಡುತ್ತಾನೆ ಎಂಬ ಲೆಕ್ಕಾಚಾರ ಅದು. ಕಲಿತವನನ್ನು ಪಕ್ಕದ ಕಂಪನಿ ಸೆಳೆದುಕೊಂಡರೂ ಕಲಿಸಿದವನ ಹೊಟ್ಟೆ ಉರಿಯುವುದು ಕಡಿಮೆ, ಏಕೆಂದರೆ ಖರ್ಚಿನಲ್ಲಿ ಪಕ್ಕದವನ ಪಾಲೂ ಇದೆ.

ಎಲ್ಲ ಚೆನ್ನಾಗಿದೆ ಎಂದಲ್ಲ. ಅಲ್ಲೂ ಅರ್ಧಕ್ಕೆ ಬಿಡುವವರು ಬಹಳ. ಬೆಳಿಗ್ಗೆ ಏಳಕ್ಕೇ ಕೆಲಸ ಶುರು, ಊರಾಚೆಯ ಸೈಟಿಗೆ ಅಷ್ಟು ಬೇಗ ಬಸ್ಸಿಲ್ಲ, ಹದಿನಾರರವನಿಗೆ ಕಾರಿನ ಲೈಸೆನ್ಸಿಲ್ಲ.

ನಮ್ಮಲ್ಲಿ ಹಣವಿಲ್ಲ ಎನ್ನುವಂತಿಲ್ಲ. ಕಟ್ಟಡ ಕಾರ್ಮಿಕರಿಗಾಗಿ 1996ರಲ್ಲಿ ಬಂದ ಸೆಸ್ ನಿರ್ಮಾಣ ವೆಚ್ಚದ ಶೇ 1. ಕೋಟಿ ರೂಪಾಯಿಯ ಕಟ್ಟಡಕ್ಕೆ ಒಂದು ಲಕ್ಷ. ಮದುವೆಗೆ ಸಹಾಯಧನ, ಮಕ್ಕಳಿಗೆ ವಿದ್ಯಾರ್ಥಿವೇತನ, ಪಿಂಚಣಿ ಇವಕ್ಕೆಲ್ಲ ಅದು ಬೇಕೇ ಬೇಕು. ಆದರೆ ಕಲಿಸುವವನಿಗೆ ತಿಂಗಳ ಲೆಕ್ಕದಲ್ಲಿ ತುಂಬಿಕೊಡುವ ದಾರಿ ಅದರಲ್ಲಿಲ್ಲ. ಇನ್ನು 1961ರ ಅಪ್ರೆಂಟಿಸ್ ಕಾಯ್ದೆ ಇದೆ: 30 ಅಥವಾ ಹೆಚ್ಚು ಜನರಿರುವ ಸಂಸ್ಥೆ ಶೇ 2.5ರಿಂದ 15ರಷ್ಟು ಅಪ್ರೆಂಟಿಸ್‌ಗಳನ್ನು ಇಟ್ಟುಕೊಳ್ಳಬೇಕು. ಗುತ್ತಿಗೆಯವರನ್ನೂ ಸೇರಿಸಿ ಎಣಿಸಬೇಕೆಂದು ಕಾಯ್ದೆಯೇ ಹೇಳುತ್ತದೆ. ಸೈಟಿನಲ್ಲಿ ಆಗುವುದು ಬೇರೆ. ಬಿಲ್ಡರ್ ಕಾಂಟ್ರಾಕ್ಟರನಿಗೆ ಕೊಡುತ್ತಾನೆ, ಅವನು ಗಾರೆಗೊಬ್ಬ, ಕಾಂಕ್ರೀಟಿಗೆ ಅಚ್ಚು ಕಟ್ಟುವ ಸೆಂಟ್ರಿಂಗಿಗೊಬ್ಬ, ಕಂಬಿಗೊಬ್ಬ ಮೇಸ್ತ್ರಿಗೆ ಹಂಚುತ್ತಾನೆ. ಇನ್ನೂರು ಜನ ದುಡಿಯುವ ಸೈಟಿನಲ್ಲೂ ಮೂವತ್ತು ಹೆಸರು ಒಂದೇ ಪುಸ್ತಕದಲ್ಲಿ ಸಿಗುವುದು ಕಷ್ಟ. ಕಲಿಸಬಲ್ಲವನು ಮೇಸ್ತ್ರಿ, ಕಾಯ್ದೆಯ ಕಣ್ಣಿಗೆ ಅವನು ಬೀಳುವುದೇ ಇಲ್ಲ.

ಮೇಸ್ತ್ರಿಯನ್ನು ಬೈದೂ ಫಲವಿಲ್ಲ. ಅವನಿಗೆ ಚದರಡಿ ಲೆಕ್ಕದಲ್ಲಿ ದುಡ್ಡು. ಹೊಸಬನ ಕೈಗೆ ಕರಣೆ ಕೊಟ್ಟರೆ ಆ ದಿನದ ಪ್ಲಾಸ್ಟರಿಂಗ್ ಕಡಿಮೆಯಾಗುತ್ತದೆ, ಮಟ್ಟ ತಪ್ಪಿದ್ದನ್ನು ಕಿತ್ತು ಮಾಡುವ ಖರ್ಚೂ ಅವನದೇ. ಹೀಗಾಗಿ ಹುಡುಗ ಎರಡು ವರ್ಷವಾದರೂ ಮರಳು ಜರಡಿ ಹಿಡಿಯುತ್ತಲೇ ಇರುತ್ತಾನೆ.

ನನ್ನ ಲೆಕ್ಕದಲ್ಲಿ ಕಾನೂನಿಗೆ ಕಾಯದೆ, ಕೆಲಸ ವಹಿಸುವಾಗ ಬರೆದುಕೊಡುವ ವರ್ಕ್ ಆರ್ಡರಿನಲ್ಲೇ ಇದನ್ನು ಸರಿಪಡಿಸಬಹುದು. ಎಂಟು ಗಾರೆಯವರಿಗೆ ಒಬ್ಬ ಕಲಿಯುವವನು ಎಂದು ಬರೆಯಬೇಕು. ಅವನ ಸಂಬಳವನ್ನು ಬಿಲ್ಡರೇ ನೇರ ಬ್ಯಾಂಕಿಗೆ ಹಾಕಬೇಕು, ಮೇಸ್ತ್ರಿಯ ಬಿಲ್ಲಿನಿಂದ ಮುರಿಯಬಾರದು. ಕಲಿಸುವ ದಿನಕ್ಕೆ ಮೇಸ್ತ್ರಿಗೆ ದಿನಗೂಲಿಯ ಲೆಕ್ಕ, ಚದರಡಿ ಲೆಕ್ಕವಲ್ಲ. ಮೊದಲ ಮೂರು ತಿಂಗಳು ಗಾರೆ ಕಲಸುವುದು, ಇಟ್ಟಿಗೆ ನೆನೆಸುವುದು, ರಸಮಟ್ಟ, ತೂಗುಗುಂಡು, ಮೂಲೆಮಟ್ಟ ಹಿಡಿಯುವುದು. ಒಂಬತ್ತಂಗುಲದ ಗೋಡೆಗೆ ಸಿಮೆಂಟು-ಮರಳು 1:6, ನಾಲ್ಕೂವರೆ ಅಂಗುಲದ್ದಕ್ಕೆ 1:4 ಎಂಬುದನ್ನು ಅವನು ಬಾಂಡ್ಲಿ ಅಂದಾಜಿನಲ್ಲಲ್ಲ, ಅಳತೆಪೆಟ್ಟಿಗೆಯಲ್ಲಿ ಕಲಿಯಲಿ. ಆರನೇ ತಿಂಗಳಿಗೆ ಕಾಂಪೌಂಡ್ ಗೋಡೆ. ವರ್ಷದ ಕೊನೆಗೆ ಪರೀಕ್ಷೆ: 3 ಮೀಟರ್ ಎತ್ತರಕ್ಕೆ 6 ಮಿ.ಮೀ.ಗಿಂತ ಹೆಚ್ಚು ವಾಲದ ಗೋಡೆ ಕಟ್ಟಿದವನಿಗೆ ಕೂಲಿ ಏರಬೇಕು. ಎಷ್ಟು ಏರುತ್ತದೆಂದು ಸೇರುವ ದಿನವೇ ಅವನಿಗೆ ತಿಳಿದಿರಬೇಕು. ಶೌಚಾಲಯ, ಬೂಟು, ಹೆಲ್ಮೆಟ್ಟುಗಳನ್ನು ಸವಲತ್ತು ಎಂದು ಎಣಿಸಬಾರದು.

ಸಿವಿಲ್ ಡಿಪ್ಲೊಮಾ, ಬಿ.ಇ. ಮುಗಿಸಿದವರ ಪಾಡೂ ಇದೇ ಜಾತಿಯದು. ಸೈಟ್ ಎಂಜಿನಿಯರ್ ಎಂದು ಸೇರಿಸಿಕೊಂಡು ಎರಡು ವರ್ಷ ಸಿಮೆಂಟ್ ಮೂಟೆ ಎಣಿಸಲು, ಹಾಜರಿ ಬರೆಯಲು ಬಿಟ್ಟರೆ ಮೂರನೇ ವರ್ಷ ಅವನು ಸಾಫ್ಟ್‌ವೇರ್ ಕೋರ್ಸಿಗೆ ಹೋಗುತ್ತಾನೆ. ಮೂರು ತಿಂಗಳು ಕಂಬಿಯ ಅಳತೆ-ಲೆಕ್ಕ ಬರೆಯುವ ಶೆಡ್ಯೂಲ್, ಮೂರು ತಿಂಗಳು ಕಾಂಕ್ರೀಟಿನ ಗಟ್ಟಿತನ ನೋಡುವ ಕ್ಯೂಬ್ ಟೆಸ್ಟ್, ಮೂರು ತಿಂಗಳು ಬಿಲ್ಲಿಂಗ್, ಮೂರು ತಿಂಗಳು ಪ್ಲಾನಿಂಗ್ ಎಂದು ಕೆಲಸ ಬದಲಿಸುತ್ತ ಹೋದರೆ ಕಂಪನಿಗೆ ಹೆಚ್ಚುವರಿ ಖರ್ಚೇನಿಲ್ಲ. ಸೈಟ್ ಮ್ಯಾನೇಜರ್ ಒಪ್ಪುವುದಿಲ್ಲ, ಏಕೆಂದರೆ ಕ್ಯೂಬ್ ಟೆಸ್ಟಿನಲ್ಲಿ ಪಳಗಿದವನನ್ನು ಬಿಟ್ಟುಕೊಡಲು ಅವನಿಗೆ ಮನಸ್ಸಿಲ್ಲ. ಅದಕ್ಕೆ ಬದಲಾವಣೆಯ ತಾರೀಖನ್ನು ನೇಮಕಾತಿ ಪತ್ರದಲ್ಲೇ ನಮೂದಿಸಬೇಕು, ಅದರ ಹೊಣೆ ಹೆಡ್ಡಾಫೀಸಿನವರು ಹೊರಬೇಕು.